ಸೆಕ್ಯುರಿಟಿ ಸಾಲು ಎಷ್ಟಿದೆ ಅಂತ ಮೊದಲೇ ತಿಳಿಯೋದು

ಸೋಮವಾರ ಬೆಳಗ್ಗೆ 6:30ಕ್ಕೆ ಬೆಂಗಳೂರಿಂದ ದೆಹಲಿಗೆ ವಿಮಾನ, ಜೊತೆಗೆ ಅಮ್ಮ, ವಿಮಾನ ನಿಲ್ದಾಣದಲ್ಲಿ ಸೆಕ್ಯುರಿಟಿ ಸಾಲು ಎಷ್ಟಿದೆ ಅಂತ ಫೋನಿನಲ್ಲೇ ತಿಳಿಯಬಹುದಾ ಅಂತ ಕೇಳಿದ್ದೀರಿ.

ಎಕ್ಸ್‌ನಲ್ಲಿ (ಹಿಂದಿನ ಟ್ವಿಟರ್) ನಿಲ್ದಾಣದ ಹೆಸರು ಹಾಕಿ ಹುಡುಕಿ, ಹೊಸ ಪೋಸ್ಟ್‌ಗಳನ್ನಷ್ಟೇ ನೋಡಿ. ಫೋಟೋ ಯಾವಾಗಿನದು, ಟರ್ಮಿನಲ್ 1ರದೋ 2ರದೋ ಅನ್ನೋದು ಮುಖ್ಯ. ಒಮ್ಮೆ ಬೇರೆ ಊರಲ್ಲಿ 'ಖಾಲಿ ಇದೆ' ಅನ್ನೋ ಪೋಸ್ಟ್ ನಂಬಿ ನಿಧಾನವಾಗಿ ಹೋದೆ. ಅದು ಒಂದು ಗಂಟೆ ಹಳೆಯದು. ಸಾಲು ಕಂಬ ಸುತ್ತಿ ಕಾಫಿ ಅಂಗಡಿವರೆಗೆ ಬಂದಿತ್ತು, ಬೆವರಿಳಿದುಹೋಯ್ತು.

ಮುಖ ಗುರುತಿಸಿ ಒಳಗೆ ಬಿಡೋ ಡಿಜಿಯಾತ್ರಾ ಆ್ಯಪ್‌ನಲ್ಲಿ ಬೋರ್ಡಿಂಗ್ ಪಾಸ್ ಹಿಂದಿನ ರಾತ್ರಿಯೇ ಸೇರಿಸಿಡಿ. ಗೇಟಲ್ಲಿ ಮುಖ ತೋರಿಸಿದರೆ ಸಾಕು. ಆದರೆ ಬ್ಯಾಗ್ ತಪಾಸಣೆ ತಪ್ಪಲ್ಲ, ಲ್ಯಾಪ್‌ಟಾಪ್ ಸಾಮಾನ್ಯವಾಗಿ ಟ್ರೇಗೆ ಹಾಕಬೇಕಾಗುತ್ತೆ.

ಅಮ್ಮನಿಗೆ ನಿಲ್ಲೋದು ಕಷ್ಟ ಅಲ್ವಾ? ವಿಮಾನದವರಿಗೆ ಇವತ್ತೇ ವೀಲ್‌ಚೇರ್ ಹೇಳಿಬಿಡಿ. ಯಾವ ಆ್ಯಪ್‌ಗಿಂತಲೂ ಅದೇ ಜಾಸ್ತಿ ಉಪಯೋಗ.