ಚಾಪ್ಲಿನ್ ಬೂಟು ಕಾಣಬೇಕು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ಚಿತ್ರಸಮಾಜದಲ್ಲಿ ಮೂರು ದಿನ ಚಾರ್ಲಿ ಚಾಪ್ಲಿನ್ ಚಿತ್ರಗಳನ್ನು ಹಾಕುತ್ತಿದ್ದೇವೆ. ಎಲ್ಲರೂ ದಡಬಡ ಓಡಾಡಿದ ಹಾಗೆ ಕಾಣುತ್ತದೆ. ವೇಗ ತಗ್ಗಿಸಬಹುದೇ?

ಉತ್ತರ: ಎಲ್ಲದಕ್ಕೂ ಬೇಡ. ಮೂಕಿ ಕಾಲದಲ್ಲಿ ಕ್ಯಾಮೆರಾವನ್ನು ಕೈಯಲ್ಲೇ ತಿರುಗಿಸುತ್ತಿದ್ದರು. ಸೆಕೆಂಡಿಗೆ 16 ಫ್ರೇಮು (ಅಂದರೆ ಬಿಡಿ ಚಿತ್ರ), 18, 20, ಹೀಗೆ ಹೆಚ್ಚುಕಮ್ಮಿ. 16ರಲ್ಲಿ ತೆಗೆದದ್ದನ್ನು ಟಾಕಿಯ 24ರಲ್ಲಿ ಓಡಿಸಿದರೆ ಒಂದೂವರೆ ಪಟ್ಟು ಚುರುಕು. 35 ಎಂಎಂನ ಸಾವಿರ ಅಡಿ ರೀಲು 16ರಲ್ಲಿ 16 ನಿಮಿಷ 40 ಸೆಕೆಂಡು ಬರುತ್ತದೆ, 24ರಲ್ಲಿ 11 ನಿಮಿಷಕ್ಕೇ ಖಾಲಿ. ನಿಮ್ಮ ದಡಬಡದ ಮೂಲ ಇದೇ.

ಆದರೆ ಎಲ್ಲ ಚುರುಕೂ ತಪ್ಪಲ್ಲ. ಬೇಕೆಂದೇ ನಿಧಾನ ತಿರುಗಿಸಿ, ಪರದೆಯ ಮೇಲೆ ಚುರುಕು ಬರಿಸುವುದು ಚಾಪ್ಲಿನ್‌ನ ಕೈಚಳಕ. 1931ರ 'ಸಿಟಿ ಲೈಟ್ಸ್', 1936ರ 'ಮಾಡರ್ನ್ ಟೈಮ್ಸ್' ಬಹುಪಾಲು ಮಾತಿಲ್ಲದಿದ್ದರೂ ಸಂಗೀತ ಫಿಲ್ಮಿನ ಅಂಚಿನಲ್ಲೇ ಅಚ್ಚಾದವು. ಅವು 24ಕ್ಕೇ ಕೂತಿವೆ. ಅಲ್ಲಿ ವೇಗ ತಗ್ಗಿಸಿದರೆ ಸಂಗೀತ ಎಳೆದಾಡುತ್ತದೆ, 'ಸಿಟಿ ಲೈಟ್ಸ್'ನ ಬಾಕ್ಸಿಂಗ್ ಕುಣಿತದ ತಾಳವೇ ಹೋಗುತ್ತದೆ. 1914ರಿಂದ 1917ರ ನಡುವಿನ ಕಿರುಚಿತ್ರಗಳಿಗಾದರೆ ತಗ್ಗಿಸಿ ನೋಡಿ, ನಡಿಗೆ ಸಹಜವಾದಲ್ಲಿ ನಿಲ್ಲಿಸಿ.

16 ಎಂಎಂ ಪ್ರೊಜೆಕ್ಟರ್‌ನಲ್ಲಿ ತಗ್ಗಿಸುವುದಾದರೆ ಷಟರ್ ಗಮನಿಸಿ, ಅಂದರೆ ತಿರುಗುತ್ತಾ ಬೆಳಕನ್ನು ಬಿಟ್ಟುಬಿಟ್ಟು ತಡೆಯುವ ಎಸಳುಗಳನ್ನು. ಎರಡು ಎಸಳಿನ ಷಟರ್ 24ರಲ್ಲಿ ಸೆಕೆಂಡಿಗೆ 48 ಸಲ ಬೆಳಕು ಬಿಡುತ್ತದೆ. 16ಕ್ಕೆ ಇಳಿಸಿದರೆ 32 ಮಾತ್ರ, ಚಿತ್ರ ಮಿಣಮಿಣ ಎನ್ನುತ್ತದೆ, ಕಣ್ಣು ನೋಯುತ್ತದೆ. ಮೂರು ಎಸಳಿನದಾದರೆ ಮತ್ತೆ 48.

ಪ್ರಶ್ನೆ: ಪರದೆಯ ಎರಡೂ ಬದಿ ಕಪ್ಪು ಪಟ್ಟಿ ಉಳಿಯುತ್ತದೆ. ಪ್ರೇಕ್ಷಕರು ಗೊಣಗುತ್ತಾರೆ. ಜೂಮ್ ಮಾಡಿ ತುಂಬಿಸೋಣವೇ?

ಉತ್ತರ: ದಯವಿಟ್ಟು ಬೇಡ. ಈ ಚಿತ್ರಗಳ ಚೌಕಟ್ಟಿನ ಅಗಲ, ಎತ್ತರದ ಲೆಕ್ಕ ಸುಮಾರು 1.33ಕ್ಕೆ 1. ಅದನ್ನು 1.85ರ ಪರದೆಗೆ ಹಿಗ್ಗಿಸಿದರೆ ಎತ್ತರದಲ್ಲಿ ಶೇ. 28ರಷ್ಟು ಕತ್ತರಿಸಿಹೋಗುತ್ತದೆ. ಚಾಪ್ಲಿನ್ ಅಡಿಯಿಂದ ಮುಡಿಯವರೆಗೆ ಇಡೀ ಮೈಯಿಂದ ನಟಿಸುವವನು. ಕೆಳಗೆ ಕತ್ತರಿಸಿದರೆ ಹೋಗುವುದು ಬೂಟು. 'ಮಾಡರ್ನ್ ಟೈಮ್ಸ್'ನಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಚಕ್ರದ ಬೂಟಿನಲ್ಲಿ ಅಂಚಿನವರೆಗೆ ಜಾರಿ ಬರುತ್ತಾನಲ್ಲ, ಅಲ್ಲಿ ಚಕ್ರವೂ ನೆಲದ ಅಂಚೂ ಕಾಣದಿದ್ದರೆ ನಗೆ ಎಲ್ಲಿಂದ, ಎದೆ ಧಸಕ್ ಎನ್ನುವುದೆಲ್ಲಿಂದ? ಬದಿಗಳಿಗೆ ಕಪ್ಪು ಬಟ್ಟೆ ಬಿಗಿದು ಮುಚ್ಚಿ. ಗೊಣಗಾಟ ಐದು ನಿಮಿಷದಲ್ಲಿ ನಿಲ್ಲುತ್ತದೆ.

ಪ್ರಶ್ನೆ: 'ದಿ ಗೋಲ್ಡ್ ರಶ್' ಒಂದರಲ್ಲಿ ಬರಹದ ಫಲಕಗಳಿವೆ, ಇನ್ನೊಂದರಲ್ಲಿ ಯಾರೋ ಕಥೆ ಹೇಳುತ್ತಾರೆ. ಯಾವುದು ಅಸಲಿ?

ಉತ್ತರ: ಎರಡೂ ಅವನದೇ. ಫಲಕದ್ದು 1925ರದು. 1942ರಲ್ಲಿ ಫಲಕ ತೆಗೆದು, ತನ್ನದೇ ದನಿಯಲ್ಲಿ ನಿರೂಪಣೆ, ಸಂಗೀತ ಸೇರಿಸಿ ಮೊಟಕು ಮಾಡಿದ. ಕೊನೆಯ ಮುತ್ತನ್ನೂ ಕತ್ತರಿಸಿದ. ಮಕ್ಕಳು ಹೆಚ್ಚಿದ್ದರೆ ಚಿಕ್ಕದಾದ 1942ರದು ಸುಲಭ. ಹಾಸ್ಯ ಸವಿಯಲು 1925ರದೇ ಮೇಲು, ಏಕೆಂದರೆ ಕಣ್ಣು ಕಂಡಾಗಿರುವುದನ್ನು ಬಾಯಿ ಮತ್ತೆ ಹೇಳುವುದಿಲ್ಲ.

ಪ್ರಶ್ನೆ: ಫಲಕಗಳನ್ನು ಕನ್ನಡದಲ್ಲಿ ಓದಿಸಬಹುದೇ?

ಉತ್ತರ: ಓದಿಸಿ. ಫಲಕ ಬಂದ ಮೇಲೆ ಶುರು, ಹೋಗುವ ಮೊದಲೇ ಮುಕ್ತಾಯ. ಅನುವಾದ ಅಷ್ಟರೊಳಗೆ ಮುಗಿಯುವಷ್ಟು ಗಿಡ್ಡವಿರಲಿ. ನಗೆಯೆದ್ದಿದ್ದರೆ ಅದು ಇಳಿಯುವವರೆಗೆ ಬಾಯಿ ಬಿಡಬಾರದು. ಓದುವವರ ದೀಪಕ್ಕೆ ಮರೆ ಕಟ್ಟಿ, ಬೆಳಕು ಪರದೆಗೆ ತಾಗದಿರಲಿ.