ಹೊಲದಲ್ಲಿ ಒಂದೇ ತರಕಾರಿ ಬುಟ್ಟಿಗಟ್ಟಲೆ ಬಂದರೆ ಅಡುಗೆ ಏನು ಮಾಡೋದು?

ದಾವಣಗೆರೆ ಹತ್ತಿರ ಅರ್ಧ ಎಕರೆಗೆ ತರಕಾರಿ ಹಾಕಿದ್ದೀರಿ, ಒಂದು ವಾರ ಬರೀ ಬದನೆ, ಮುಂದಿನ ವಾರ ಬರೀ ಹೀರೆ, ಮನೆಯವರು ತಟ್ಟೆ ನೋಡಿ ಮುಖ ಸಿಂಡರಿಸುತ್ತಾರೆ ಅಂತ ಬರೆದಿದ್ದೀರಿ. ಹೊಳಲ್ಕೆರೆ ಕಡೆಯ ನಮ್ಮ ಮನೆಯಲ್ಲೂ ಇದೇ ಕಥೆ ಬಿಡಿ. ಹೊಸ ಹೊಸ ರೆಸಿಪಿ ಹುಡುಕಬೇಡಿ. ಕಾಯಿ ಎಷ್ಟು ಬಲಿತಿದೆ ನೋಡಿ, ಅದರ ಮೇಲೆ ಅಡುಗೆ ತೀರ್ಮಾನ ಮಾಡಿ. ಸಂತೆಯಲ್ಲಿ ಕೊಳ್ಳುವವರಿಗೆ ಹೆಚ್ಚಾಗಿ ಒಂದೇ ಹದದ ಕಾಯಿ ಸಿಗುತ್ತದೆ. ಬೆಳೆಯುವವರಿಗೆ ಎಳೆಯದು, ಬಲಿತದ್ದು, ಒಣಗಿದ್ದು ಎಲ್ಲಾ ಸಿಗುತ್ತದೆ. ಒಂದೊಂದಕ್ಕೂ ಬೇರೆ ಬೇರೆ ರುಚಿ.

ಅವರೆ ತಗೊಳ್ಳಿ. ಕಾಳು ಕಟ್ಟುವ ಮುಂಚೆ ಕಾಯಿ ಇನ್ನೂ ಚಪ್ಪಟೆ ಇರುವಾಗ ನಾರು ತೆಗೆದು, ಸಿಪ್ಪೆ ಸಮೇತ ಹೆಚ್ಚಿ ಪಲ್ಯ ಮಾಡಬಹುದು. ಕಾಳು ತುಂಬಿತಾ, ಸಾರು, ಉಪ್ಪಿಟ್ಟು, ಅಕ್ಕಿ ರೊಟ್ಟಿ. ಕಾಳಿನ ಸಿಪ್ಪೆ ದಪ್ಪ ಆದಮೇಲೆ ರಾತ್ರಿ ನೆನೆಹಾಕಿ ಬೆಳಿಗ್ಗೆ ಹಿಸುಕಿದರೆ ಹಿತಕಿದ ಬೇಳೆ. ಈ ಕೆಲಸಕ್ಕೆ ಮನೆಯವರನ್ನೆಲ್ಲಾ ಕೂರಿಸಿ, ಒಬ್ಬರ ಕೈಲಿ ಆಗೋದಲ್ಲ. ಗಿಡದಲ್ಲೇ ಒಣಗಿದ್ದನ್ನು ಬಿಸಿಲಿಗೆ ಹಾಕಿ ಡಬ್ಬಕ್ಕೆ ತುಂಬಿ, ಬೇಸಿಗೆಗೆ ಆಯಿತು. ಅಲಸಂದೆ, ತೊಗರಿಗೂ ಹೆಚ್ಚುಕಡಿಮೆ ಇದೇ ಲೆಕ್ಕ. ಆದರೆ ತೊಗರಿ ಸಿಪ್ಪೆ ಮಾತ್ರ ತಿನ್ನೋಕೆ ಬರಲ್ಲ.

ಬದನೆ ನಿಂಬೆಹಣ್ಣಿನಷ್ಟು ಇರುವಾಗಲೇ ಕಿತ್ತರೆ ಎಣ್ಣೆಗಾಯಿ. ತೊಟ್ಟು ಬಿಡಿಸದೆ ನಾಲ್ಕು ಸೀಳು ಮಾಡಿ, ಉಪ್ಪು ನೀರಿಗೆ ಹಾಕಿಡಿ, ಕಪ್ಪಾಗಲ್ಲ. ಹುರಿದ ಶೇಂಗಾ, ಹುಚ್ಚೆಳ್ಳು, ಒಣಕೊಬ್ಬರಿ, ಹುಣಸೆ, ಚೂರು ಬೆಲ್ಲ ಅರೆದು ತುಂಬಿ. ಹುಚ್ಚೆಳ್ಳು ಜಾಸ್ತಿ ಹುರಿದರೆ ಕಹಿ ಆಗುತ್ತದೆ, ಚಟಪಟ ಅಂದ ಕೂಡಲೇ ಇಳಿಸಿ. ಕೈ ತುಂಬುವಷ್ಟು ದೊಡ್ಡದಾದರೆ ಕೆಂಡದಲ್ಲಿ ಸುಟ್ಟು ಗೊಜ್ಜು. ಬೀಜ ಗಟ್ಟಿ ಆದದ್ದನ್ನು ಅಡುಗೆಗೆ ತರಲೇಬೇಡಿ. ನಾಟಿ ತಳಿ ಆದರೆ ಹಳದಿ ಆಗೋವರೆಗೆ ಬಿಟ್ಟು ಬೀಜ ಹಿಡಿಯಿರಿ. ಹೈಬ್ರಿಡ್ ಆದರೆ ಆ ಶ್ರಮ ದಂಡ.

ಹೀರೆಯಲ್ಲಿ ಸಿಪ್ಪೆ ಎಸೆಯೋರನ್ನು ಕಂಡರೆ ನಮ್ಮಮ್ಮನಿಗೆ ಆಗಲ್ಲ. ಏಣು ಹೆರೆದು ಎಣ್ಣೆಯಲ್ಲಿ ಹುರಿದು, ಹಸಿಮೆಣಸು, ಬೆಳ್ಳುಳ್ಳಿ, ಹುಣಸೆ ಜೊತೆ ಅರೆದರೆ ಚಟ್ನಿ. ತಿರುಳು ಪಲ್ಯಕ್ಕೋ ಬಜ್ಜಿಗೋ.

ಒಂದು ಮಾತು ಮರೆಯಬೇಡಿ. ಹೀರೆ, ಸೋರೆ, ಸೌತೆ ಹೆಚ್ಚುವಾಗ ಚೂರು ನಾಲಿಗೆಗೆ ಇಟ್ಟು ನೋಡಿ, ಕಹಿ ಇದ್ದರೆ ಉಗಿದು ಕಾಯಿ ಬಿಸಾಡಿ. ಬೇಯಿಸಿದರೆ ಹೋಗುತ್ತೆ ಅಂದುಕೊಳ್ಳಬೇಡಿ, ಹೋಗಲ್ಲ. ಅದು ಕುಕುರ್ಬಿಟಾಸಿನ್ ಅನ್ನೋ ವಿಷ. ಕಹಿ ಸೋರೆಕಾಯಿ ರಸ ಕುಡಿದು ಸತ್ತವರೂ ಇದ್ದಾರೆ. ಹಾಗಲದ ಕಹಿ ಬೇರೆ, ಅದಕ್ಕೆ ಹೆದರಬೇಕಿಲ್ಲ.

ಯಾವುದೂ ಒಂದು ಪಲ್ಯಕ್ಕೆ ಸಾಕಾಗುವಷ್ಟು ಇಲ್ಲ, ಎಲ್ಲಾ ಒಂದೊಂದು ಹಿಡಿ ಇದೆ ಅನ್ನೋ ದಿನಕ್ಕೆ ಬಸ್ಸಾರು. ಮುಂಗಾರು ಬಿದ್ದಮೇಲೆ ಬದುವಿನಲ್ಲಿ ತಾನಾಗೇ ಬರುವ ಕಿರಕಸಾಲೆ, ಅಣ್ಣೆ, ಹೊನಗೊನ್ನೆ ಸೊಪ್ಪು, ಮನೆ ಹಿಂದಿನ ನುಗ್ಗೆ, ಎಲ್ಲಾ ಸೇರಲಿ. ಮೆಂತ್ಯ ಬೇಡ, ಕಟ್ಟು ಕಹಿ ಆಗುತ್ತದೆ. ಪುಂಡಿ ಹುಳಿ, ಅದನ್ನು ಬೇಳೆ ಜೊತೆ ಬೇರೆ ಮಾಡಿ. ಮೊದಲು ಕಾಳು ಬೇಯಲಿ, ಮುಕ್ಕಾಲು ಬೆಂದಮೇಲೆ ಸೊಪ್ಪು ಹಾಕಿ. ಬಸಿದು ಕಟ್ಟು ಬೇರೆ ಇಡಿ. ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹುರಿದು ಕೊತ್ತಂಬರಿ ಬೀಜ, ಜೀರಿಗೆ, ಕಾಯಿತುರಿ, ಹುಣಸೆ ಸೇರಿಸಿ ಅರೆಯಿರಿ. ಅರೆಯುವಾಗ ಬೆಂದ ಸೊಪ್ಪುಕಾಳು ಒಂದು ಸೌಟು ಹಾಕಿ. ಅದಿಲ್ಲದಿದ್ದರೆ ಸಾರು ಒಂದು ಕಡೆ, ನೀರು ಒಂದು ಕಡೆ. ಖಾರ ಕಟ್ಟಿಗೆ ಕಲಸಿ ಕುದಿಸಿ, ಉಳಿದದ್ದಕ್ಕೆ ಒಗ್ಗರಣೆ ಹಾಕಿದರೆ ಪಲ್ಯ. ಮಾರನೇ ದಿನ ಬಿಸಿ ಮಾಡಿ ಉಣ್ಣುವ ಬಸ್ಸಾರು ಇನ್ನೂ ರುಚಿ.

ನಿಮ್ಮ ಮನೆಯಲ್ಲಿ ಮುದ್ದೆಯೋ ಜೋಳದ ರೊಟ್ಟಿಯೋ ಬರೆದಿಲ್ಲ. ಮುದ್ದೆ ನುಂಗೋಕೆ ತೆಳ್ಳಗಿನ ಸಾರು ಬೇಕು, ಎಣ್ಣೆಗಾಯಿ ರೊಟ್ಟಿಗೇ ಸರಿ. ಬೇಸರಕ್ಕೆ ಎಷ್ಟೋ ಸಲ ತರಕಾರಿ ಕಾರಣ ಅಲ್ಲ, ಜೋಡಿ ಹೊಂದಿರಲ್ಲ ಅಷ್ಟೇ.

ಚಳ್ಳಕೆರೆ, ಹಿರಿಯೂರು ಕಡೆಯವರ ಹಾಗೆ ಈರುಳ್ಳಿ ಹಾಕಿದ್ದರೆ ಗಡ್ಡೆ ಪೂರ್ತಿ ಬಲಿಯುವ ಮುಂಚೆ ಒಂದಿಷ್ಟು ಸೊಪ್ಪು ಸಮೇತ ಕಿತ್ತು ಹೆಸರುಬೇಳೆ ಜೊತೆ ಪಲ್ಯ ಮಾಡಿ. ಮಳೆಗಾಲದ ಗಡ್ಡೆಯಲ್ಲಿ ನೀರು ಜಾಸ್ತಿ, ಇಟ್ಟರೆ ಬೇಗ ಕೊಳೆಯುತ್ತದೆ. ಮೊದಲು ಅದನ್ನೇ ಖರ್ಚು ಮಾಡಿ.

ಫ್ರಿಜ್‌ನಲ್ಲಿ ಇಡಬಹುದಾ ಅಂತಲೂ ಕೇಳಿದ್ದೀರಿ. ಬದನೆಗೆ ಆ ಚಳಿ ಆಗಿಬರಲ್ಲ, ಒಳಗೆ ಕಂದು ಬಣ್ಣಕ್ಕೆ ತಿರುಗುತ್ತದೆ. ಟೊಮೇಟೊಗೆ ರುಚಿ ಹೋಗುತ್ತದೆ. ಎರಡೂ ನೆರಳಲ್ಲಿ ಹೊರಗೇ ಇರಲಿ. ಬಲಿತ ಸಿಹಿಗುಂಬಳ ತೊಟ್ಟು ಸಮೇತ ಕೊಯ್ದು ಅಟ್ಟದ ಮೇಲಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಆದರೆ ಒಡೆದ ದಿನ ಅಕ್ಕಪಕ್ಕದ ಮನೆಗೆ ಹೋಳು ಕೊಟ್ಟುಬಿಡಿ, ಕತ್ತರಿಸಿದ್ದು ಬಾಳಲ್ಲ. ಹಸಿಮೆಣಸು ಉಳಿದರೆ ಸೀಳಿ, ಉಪ್ಪು ಹಾಕಿದ ಹುಳಿ ಮಜ್ಜಿಗೆಯಲ್ಲಿ ರಾತ್ರಿ ನೆನೆಸಿ, ಹಗಲು ಬಿಸಿಲಿಗೆ ಹರವಿ. ಮಜ್ಜಿಗೆ ಪೂರ್ತಿ ಹೀರೋವರೆಗೆ ಹೀಗೇ ಮಾಡಿ, ಆಮೇಲೆ ಗರಿಗರಿ ಒಣಗಿಸಿ. ಮಾರ್ಚ್, ಏಪ್ರಿಲ್ ಬಿಸಿಲಿಗೆ ಚೆನ್ನಾಗಿ ಆಗುತ್ತದೆ. ಈಗ ಮೋಡ ಇದ್ದರೆ ಕೈ ಹಾಕಬೇಡಿ, ಬೂಷ್ಟು ಬರುತ್ತದೆ.