ಪ್ರ: 1930ರ ದಶಕದ ದಸರಾ ಮೆರವಣಿಗೆಯ ಪತ್ರಿಕೆ ಚಿತ್ರ, ಇಸವಿ ಪತ್ತೆ ಹೇಗೆ?

ನಿಮ್ಮ ತಾತ ಮೈಸೂರು ಸಂಸ್ಥಾನದ ಕುದುರೆ ಸವಾರರ ದಳವಾದ ಮೈಸೂರು ಲ್ಯಾನ್ಸರ್ಸ್‌ನಲ್ಲಿದ್ದರು, ಕತ್ತರಿಸಿಟ್ಟ ಚಿತ್ರದಲ್ಲಿ ತಾರೀಖಿಲ್ಲ ಅಂದಿರಿ. ಮೊದಲು ಅಂಬಾರಿ ನೋಡಿ. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಕೂತಿದ್ದರೆ 1939 ಅಥವಾ ಅದಕ್ಕೂ ಹಿಂದಿನದು. ಅವರು ತೀರಿಕೊಂಡಿದ್ದು 1940ರ ಆಗಸ್ಟ್ 3ರಂದು. ಹಿನ್ನೆಲೆಯ ಅರಮನೆಯಿಂದ ಉಪಯೋಗವಿಲ್ಲ, ಅದು 1912ರಲ್ಲೇ ಮುಗಿದಿತ್ತು.

ಆಮೇಲೆ ಕತ್ತರಿಕೆಯನ್ನು ತಿರುಗಿಸಿ. ಹಿಂಬದಿಯ ಅರ್ಧಂಬರ್ಧ ಜಾಹೀರಾತು, ಸಿನಿಮಾ ಹೆಸರು, ಮಾರುಕಟ್ಟೆ ಧಾರಣೆ ಇವೆಲ್ಲ ಮುಂಬದಿಗಿಂತ ಹೆಚ್ಚು ಬಾಯಿಬಿಡುತ್ತವೆ. ಜನ ಇದನ್ನೇ ಅಂಟು ಹಾಕಿ ಹಾಳುಮಾಡುತ್ತಾರೆ.

ಸಂಚಿಕೆ ಹುಡುಕುವಾಗ ಹಳೇ ಪಂಚಾಂಗದಲ್ಲಿ ಆಯಾ ವರ್ಷದ ಆಶ್ವಯುಜ ಶುದ್ಧ ದಶಮಿ (ಮೆರವಣಿಗೆ ನಡೆಯುವ ವಿಜಯದಶಮಿ) ಗುರುತು ಹಾಕಿಕೊಂಡು, ಅಲ್ಲಿಂದ ಹತ್ತು ದಿನದ ಸಂಚಿಕೆ ತಿರುವಿ. ಮರುದಿನದ್ದು ಮಾತ್ರ ನೋಡಿ ಬಿಡಬೇಡಿ: ಹಬ್ಬದ ರಜೆ ಇರಬಹುದು, ಚಿತ್ರದ ಬ್ಲಾಕ್ (ಅಚ್ಚುಹಾಕಲು ಬೇಕಾದ ಲೋಹದ ಪಡಿಯಚ್ಚು) ಮಾಡಿಸಲೂ ಸಮಯ ಬೇಕಿತ್ತು. ವಾರಪತ್ರಿಕೆಗಳಲ್ಲಿ ಇನ್ನೂ ತಡ. ಒಂದು ಮೋಸವೂ ಉಂಟು, ಕೆಲವೊಮ್ಮೆ ಹಿಂದಿನ ವರ್ಷದ ಬ್ಲಾಕನ್ನೇ ಮತ್ತೆ ಅಚ್ಚುಹಾಕುತ್ತಿದ್ದರು. ಹಾಗಾಗಿ ಸಂಚಿಕೆ ಸಿಕ್ಕಿದರೂ ಹಿಂದಿನ ಎರಡು ಮೂರು ದಸರಾ ತಾಳೆ ನೋಡಿ.

ಡಿಜಿಟಲ್ ಪ್ರತಿಗಳಲ್ಲಿ ‘ಲ್ಯಾನ್ಸರ್ಸ್’ ಒಂದನ್ನೇ ಹಾಕಿ ಹುಡುಕಿದರೆ ಸಿಗದೇ ಇರಬಹುದು. ಸ್ಕ್ಯಾನ್ ಆದ ಪುಟದಿಂದ ಅಕ್ಷರ ಗುರುತಿಸುವ ಯಂತ್ರ ಒತ್ತಕ್ಷರಗಳನ್ನು ಎಷ್ಟೋ ಸಲ ತಪ್ಪಾಗಿ ಓದುತ್ತದೆ. ‘ಸವಾರ’, ‘ಕುದುರೆ’, ‘ಜಂಬೂ’ ಇಂಥ ಒತ್ತಿಲ್ಲದ ಚಿಕ್ಕ ಪದ ಹಾಕಿ.

ಸ್ಕ್ಯಾನ್ 600 ಡಿಪಿಐಗೆ ಮಾಡಿ, ಕಮ್ಮಿ ಇಟ್ಟರೆ ಅಚ್ಚಿನ ಚುಕ್ಕಿಗಳು ಸೇರಿ ಅಲೆಅಲೆಯಾಗಿ ಕಾಣುತ್ತವೆ. ಆದರೆ ಎಷ್ಟು ದೊಡ್ಡದು ಮಾಡಿದರೂ ಸಾಲಿನ ಕೊನೆಯ ಸವಾರನ ಮುಖ ನಾಲ್ಕೈದು ಚುಕ್ಕಿ ಅಷ್ಟೇ. ಅದನ್ನು ನೋಡಿ ‘ಇವರೇ ತಾತ’ ಅಂತ ಬರೆದಿಡಬೇಡಿ.